ಬಣ್ಣ ನೋಡಬೇಡಿ, ನೀರು ಹೋದ ದಾರಿ ನೋಡಿ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ತಂಗಿಯ ಮಗ ಮುಂಬೈ ಪಕ್ಕದ ಠಾಣೆ ಊರಲ್ಲಿ ಒಂದು ರೀಸೇಲ್ ಫ್ಲ್ಯಾಟ್ ನೋಡಿ ಬಂದ. "ದೊಡ್ಡಮ್ಮ, ಮನೆ ತುಂಬಾ ಚೆನ್ನಾಗಿದೆ. ಹೊಸ ಬಣ್ಣ ಹೊಡೆಸಿದ್ದಾರೆ, ಹಾಲ್‌ಗೆಲ್ಲ ಪಿಒಪಿ ಮಾಡಿಸಿದ್ದಾರೆ. ಟೋಕನ್ ಅಡ್ವಾನ್ಸ್ ಕೊಟ್ಟುಬಿಡ್ಲಾ?" ಅಂತ ಫೋನ್ ಮಾಡಿದ. ಮಾರುವ ಮನೆಗೆ ಮಳೆ ನಿಂತ ಕೂಡಲೇ ಹೊಸ ಬಣ್ಣ ಅಂದಾಗ ನನಗೆ ಸಮಾಧಾನ ಆಗಲಿಲ್ಲ. "ಭಾನುವಾರದ ತನಕ ಒಂದು ಪೈಸೆ ಕೊಡಬೇಡ, ನಾನೂ ಬರ್ತೀನಿ" ಅಂದೆ.

ಮದುವೆಯಾಗಿ ಡೊಂಬಿವಲಿಗೆ ಬಂದು 40 ವರ್ಷ ದಾಟಿತು. ಅದರಲ್ಲಿ 12 ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಇದ್ದೆ. ಬಂದ ದೂರುಗಳಲ್ಲಿ ಮುಕ್ಕಾಲು ಪಾಲು ಲೀಕೇಜಿನವೇ. ಯಾರ ಮನೆಯ ನೀರು ಯಾರ ಮನೆಗೆ ಇಳಿಯಿತು ಎಂದು ಹುಡುಕಿ ಹುಡುಕಿ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಮುಂಬೈ ಸುತ್ತಮುತ್ತ ಮನೆ ತೆಗೆದುಕೊಳ್ಳುವ ನಮ್ಮ ಮಕ್ಕಳು ಜೀವಮಾನದ ದುಡಿಮೆ ಹಾಕುತ್ತಾರೆ. ಹಾಗಿದ್ದೂ ಮನೆ ನೋಡುವುದು ಹತ್ತೇ ನಿಮಿಷ. ನನಗೆ ಅದೇ ಚಿಂತೆ.

ಭಾನುವಾರ ಚೀಲದಲ್ಲಿ ಒಂದು ಟಾರ್ಚ್, ಐದು ರೂಪಾಯಿ ನಾಣ್ಯ, ಮೊಮ್ಮಗನ ಒಂದು ಗೋಲಿ, ಫೋನ್ ಚಾರ್ಜರ್ ಹಾಕಿಕೊಂಡು ಹೋದೆ. ಮನೆ ಫಳಫಳ ಅಂತಿತ್ತು. ನಾನು ಹಾಲ್‌ನಲ್ಲಿ ನಿಲ್ಲದೆ ಸೀದಾ ಬೆಡ್‌ರೂಮಿಗೆ ಹೋದೆ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆ ಯಾವುದು ಎಂದು ನೋಡಿಕೊಂಡು, ಕಪಾಟಿನ ಪಕ್ಕದ ಸಂದಿಯಲ್ಲಿ ಕೈ ತೂರಿಸಿ ಮುಂಗೈ ಒತ್ತಿದೆ. ಉಳಿದ ಗೋಡೆಗಿಂತ ಅಲ್ಲಿ ತಣ್ಣಗಿತ್ತು. ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟೆ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಉಗುರಿನಿಂದ ಮೆಲ್ಲಗೆ ಮುಟ್ಟಿದರೆ ಬಿಳಿ ಪುಡಿ ಬೆರಳಿಗೆ ಬಂತು. ಗೋಡೆ ಉಪ್ಪು ಬಿಡುವುದು ಅಂದರೆ ಇದೇ. ಇಟ್ಟಿಗೆ, ಸಿಮೆಂಟಿನ ಒಳಗಿನ ಉಪ್ಪು ನೀರಲ್ಲಿ ಕರಗಿ ಹೊರಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಎಷ್ಟು ಬಣ್ಣ ಬಳಿದರೂ ನಿಲ್ಲುವುದಿಲ್ಲ.

ಆಮೇಲೆ ನಾನು ಮಾಡಿದ ಕೆಲಸವನ್ನು ದಯವಿಟ್ಟು ಎಲ್ಲರೂ ಮಾಡಿ. ಕೆಳಗಿನ ಮಹಡಿಯ ಮನೆಯ ಬೆಲ್ ಒತ್ತಿ. ಸಂಕೋಚ ಬೇಡ. ಅಲ್ಲಿದ್ದ ಮರಾಠಿ ಅಕ್ಕ ಮಾತು ಕೇಳಿದ ಕೂಡಲೇ ಒಳಗೆ ಕರೆದುಕೊಂಡು ಹೋಗಿ ತಮ್ಮ ಬಾತ್‌ರೂಮಿನ ತಲೆ ಮೇಲಿನ ಸ್ಲ್ಯಾಬ್ ತೋರಿಸಿದರು. ಪ್ಲಾಸ್ಟರ್ ಬಿದ್ದು ಒಳಗಿನ ಸರಳು ಕಾಣುತ್ತಿತ್ತು. ಕಂದು ಬಣ್ಣದ ತುಕ್ಕು, ಅದರ ತುದಿಯಲ್ಲಿ ಒಂದು ಹನಿ ನೀರು. ಕೆಳಗೊಂದು ಬಕೆಟ್. "ದೋನ್ ವರ್ಷಾಂಪಾಸೂನ್ ಅಸಂಚ್ ಆಹೇ" ಅಂದರು. ಎರಡು ವರ್ಷದಿಂದ ಹೀಗೇ! ಮೇಲಿನ ಮನೆಯಲ್ಲಿ ಕಾಣದ್ದು ಕೆಳಗಿನ ಮನೆಯಲ್ಲಿ ಕಂಡಿತು. ಹುಡುಗನ ಮುಖ ಸಣ್ಣದಾಯಿತು.

ಸರಳಿನ ತುಕ್ಕನ್ನು ಸುಮ್ನೆ ಬಿಡುವಂತಿಲ್ಲ. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಸುತ್ತಲಿನ ಕಾಂಕ್ರೀಟ್ ಒಡೆಯುತ್ತದೆ. ಒಡೆದ ಸಂದಿಯಿಂದ ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಸಮುದ್ರದ ಉಪ್ಪು ಗಾಳಿ ಇರುವ ಕಡೆ ಇದು ಬೇಗ ಆಗುತ್ತದೆ. ಹಾಗಾಗಿ ಬೀಮ್, ಪಿಲ್ಲರ್ ನೋಡುವಾಗ ಬಿರುಕು ಯಾವ ದಿಕ್ಕಿಗಿದೆ ಎಂದು ನೋಡಿ. ಪ್ಲಾಸ್ಟರಿನ ಮೇಲೆ ಕೂದಲೆಳೆಯಷ್ಟು ಅಡ್ಡಾದಿಡ್ಡಿ ಗೆರೆ ಇದ್ದರೆ ಅಷ್ಟು ಭಯ ಬೇಡ. ಬೀಮಿನ ಉದ್ದಕ್ಕೂ, ಒಳಗೆ ಸರಳು ಹೋದ ದಾರಿಯಲ್ಲೇ ಬಿರುಕು ಬಿಟ್ಟಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಲೇಬೇಕು. ನೀವು ಈಗಾಗಲೇ ಇರುವ ಮನೆಯಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ತಾರೀಕು ಬರೆದಿಡಿ. ಮೂರು ತಿಂಗಳಲ್ಲಿ ಗುರುತು ದಾಟಿ ಬೆಳೆದಿದ್ದರೆ ತಡ ಮಾಡಬೇಡಿ.

ನಮ್ಮ ಮನೆಯಲ್ಲೂ ಒಮ್ಮೆ ಹೀಗೇ ಆಗಿತ್ತು. ಅಡುಗೆಮನೆ ಗೋಡೆಯಲ್ಲಿ ಕಲೆ ಬಂತು. ಮಳೆ ನೀರು ಎಂದುಕೊಂಡು ಮೂರು ವರ್ಷ ಬಣ್ಣ ಬಳಿಸಿದೆವು, ಹೊರಗೋಡೆಗೆ ಕೋಟಿಂಗ್ ಮಾಡಿಸಿದೆವು. ಬೇಸಿಗೆಯಲ್ಲೂ ಕಲೆ ಆರದಿದ್ದಾಗ ಒಬ್ಬ ವಯಸ್ಸಾದ ಮಿಸ್ತ್ರಿ ಬಂದು, "ಮಳೆ ಇಲ್ಲದಾಗಲೂ ಒದ್ದೆ ಅಂದರೆ ಇದು ಪೈಪಿನ ನೀರು" ಅಂದ. ಒಡೆದು ನೋಡಿದರೆ ಮೇಲಿನ ಮನೆಯ ನಹಾನಿ ಟ್ರ್ಯಾಪ್‌ನ, ಅಂದರೆ ನೆಲದ ನೀರು ಹೋಗುವ ತೂತಿನ ಕೆಳಗಿನ ಬಾಗಿದ ಪೈಪಿನ, ಜಾಯಿಂಟ್ ಬಿಟ್ಟಿತ್ತು. ಅವತ್ತಿನಿಂದ ಲೀಕೇಜ್ ಕಂಡರೆ ಮೊದಲು ಕೇಳುವುದು ಒಂದೇ: ಮಳೆಗಾಲದಲ್ಲಿ ಮಾತ್ರವಾ, ವರ್ಷಪೂರ್ತಿಯಾ? ಮಳೆಗೆ ಮಾತ್ರ ಆದರೆ ಹೊರಗೋಡೆ, ಕಿಟಕಿ, ಟೆರೇಸ್ ನೋಡಿ. ವರ್ಷಪೂರ್ತಿ ಆದರೆ ಬಾತ್‌ರೂಮು, ಸಿಂಕು, ಪೈಪು. ಇದು ಗೊತ್ತಾದರೆ ಖರ್ಚು ಯಾರದ್ದು ಎನ್ನುವುದೂ ಗೊತ್ತಾಗುತ್ತದೆ. ಟೆರೇಸು, ಹೊರಗಿನ ಕಾಮನ್ ಪೈಪಿನ ಲೀಕೇಜ್ ಸೊಸೈಟಿಯ ಹೊಣೆ. ಬಾತ್‌ರೂಮಿನ ಒಳಗಿನದು ಆ ಮನೆಯವರದ್ದು.

ಬಾತ್‌ರೂಮ್ ಪರೀಕ್ಷೆಗೆ ಮಳೆಗಾಲಕ್ಕೆ ಕಾಯಬೇಕಾಗಿಲ್ಲ. ನಹಾನಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ. ಟೈಲ್ಸ್ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. 24 ಗಂಟೆ ಬಿಟ್ಟು ಕೆಳಗಿನ ಮನೆಯ ಸ್ಲ್ಯಾಬ್ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಯೋಚನೆ ಮಾಡಿ. ನಾಣ್ಯ ತಂದದ್ದು ಟೈಲ್ಸ್ ತಟ್ಟುವುದಕ್ಕೆ. ಗಟ್ಟಿ ಕೂತ ಟೈಲ್ಸ್ ಟಕ್ ಟಕ್ ಅನ್ನುತ್ತದೆ, ಕೆಳಗೆ ಪೊಳ್ಳಿದ್ದರೆ ಖಾಲಿ ಡಬ್ಬದ ಸದ್ದು. ಗೋಲಿ ಬಾಲ್ಕನಿಗೆ. ಅದು ನೀರು ಹೋಗುವ ತೂತಿನ ಕಡೆ ಉರುಳದೆ ಹಾಲ್ ಕಡೆ ಉರುಳಿ ಬಂದರೆ ಜುಲೈಯಲ್ಲಿ ನೀರೂ ಹಾಗೇ ಬರುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಯಲ್ಲಿ ಗಟಾರದ ವಾಸನೆ ಬಂದರೆ ಮಾತ್ರ ಹೆದರಬೇಡಿ. ಟ್ರ್ಯಾಪ್‌ನಲ್ಲಿ ನಿಲ್ಲಬೇಕಾದ ನೀರು ಆರಿರುತ್ತದೆ. ಒಂದೆರಡು ಚೊಂಬು ನೀರು ಹಾಕಿ, ವಾಸನೆ ಹೋಗುತ್ತಾ ನೋಡಿ.

ಈ ಊರಿನ ಮಳೆ ಲೆಕ್ಕ ಸಣ್ಣದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿದದ್ದನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ಕಿಟಕಿಯನ್ನು ಹೊರಗಿನಿಂದಲೂ ನೋಡಿ. ಸ್ಲೈಡಿಂಗ್ ಕಿಟಕಿಯ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಅವು ಧೂಳಿನಿಂದ ಮುಚ್ಚಿದರೆ ನೀರು ಒಳಗೇ ಉಕ್ಕುತ್ತದೆ. ಹಳೇ ಟೂತ್‌ಬ್ರಷ್ ಸಾಕು, ಮೇ ತಿಂಗಳಲ್ಲೇ ಉಜ್ಜಿಬಿಡಿ. ಕಿಟಕಿ ಮೇಲಿನ ಛಜ್ಜಾದಲ್ಲಿ ಕುಂಡ ಇಡಬೇಡಿ, ನೀರು ನಿಂತು ಗೋಡೆ ಸೇರುತ್ತದೆ. ಇನ್ನೊಂದು, ಅರಳಿ ಸಸಿ. ಹಕ್ಕಿ ಹಾಕಿದ ಬೀಜ ಡ್ರೈನೇಜ್ ಪೈಪಿನ ಪಕ್ಕದ ಬಿರುಕಲ್ಲಿ ಮೊಳೆತು ಬೇರನ್ನು ಗೋಡೆಯೊಳಗೆ ಇಳಿಸುತ್ತದೆ. ಅರಳಿ ಕಡಿಯಬಾರದು ಎಂಬ ಭಾವನೆ ನಮ್ಮಲ್ಲಿದೆ, ನನಗೂ ಇದೆ. ಅದಕ್ಕೇ ಬೆರಳುದ್ದ ಇರುವಾಗಲೇ ಬೇರು ಸಮೇತ ಬಿಡಿಸಿ ಬಯಲಲ್ಲಿ ನೆಡಿಸಿ. ಮೇಲಿಂದ ಚಿವುಟಿದರೆ ಮತ್ತೆ ಚಿಗುರುತ್ತದೆ.

ಕರೆಂಟಿನ ವಿಷಯಕ್ಕೆ ಚಾರ್ಜರ್ ತಂದಿದ್ದೆ. ಪ್ರತಿ ಸಾಕೆಟ್‌ಗೂ ಹಾಕಿ ನೋಡಿ, ಎಲ್ಲಿ ಕಪ್ಪಾಗಿದೆ, ಕರಗಿದೆ ಗಮನಿಸಿ. ಗೀಸರ್ 2000 ವ್ಯಾಟ್‌ನದ್ದಾದರೆ ಸುಮಾರು 9 ಆಂಪ್ ಎಳೆಯುತ್ತದೆ, ಅದಕ್ಕೆ 16 ಆಂಪ್‌ನ ಸಾಕೆಟ್ಟೇ ಬೇಕು. ಹಳೇ ಕಟ್ಟಡಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತದೆ, ಹಿಂದೆ ಅರ್ಥಿಂಗ್ ವೈರೇ ಇರುವುದಿಲ್ಲ. ಇಲೆಕ್ಟ್ರಿಷಿಯನ್‌ಗೆ ಹೇಳಿ ಚೆಕ್ ಮಾಡಿಸಿ. ಬೋರ್ಡಿನಲ್ಲಿ ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್) ಜೊತೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇದೆಯಾ ನೋಡಿ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ ಒತ್ತಿದರೆ ಸ್ವಿಚ್ ಕೂಡಲೇ ಕೆಳಗೆ ಬೀಳಬೇಕು. ಗಾಳಿ ಆಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ತೆಗೆಸಿಬಿಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆಗೆಯುವುದಕ್ಕೂ ಶಕ್ತಿ ಇಲ್ಲದೆ ಬಿದ್ದುಬಿಡುತ್ತಾರೆ.

ಬಾಗಿಲ ಚೌಕಟ್ಟಿನ ಬುಡ ತಟ್ಟಿ, ಗೆದ್ದಲಿನ ಮಣ್ಣಿನ ಗೆರೆ ಇದೆಯಾ ನೋಡಿ.

ಕಾಗದಪತ್ರದಲ್ಲಿ ಓಸಿ (ವಾಸಕ್ಕೆ ಅನುಮತಿ ಕೊಡುವ ಪತ್ರ) ಇದೆಯಾ ಅಂತ ವಕೀಲರು ಹೇಗೂ ಕೇಳುತ್ತಾರೆ. ನೀವು ಸೊಸೈಟಿ ಆಫೀಸಿಗೆ ಹೋಗಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನ ಪರೀಕ್ಷಿಸಿದ, ವರದಿ ಕೇಳಿ. ಇಲ್ಲಿನ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ವರ್ಷ ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಹೊಸ ಕಟ್ಟಡವಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ನಿಮ್ಮ ಬೆನ್ನಿಗಿದೆ. ಪೊಸೆಷನ್ ಸಿಕ್ಕಿ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಬಾಯಲ್ಲಿ ಹೇಳಿ ಬರಬೇಡಿ. ಫೋಟೋ ಹಚ್ಚಿ, ತಾರೀಕು ಹಾಕಿ, ಬರೆದು ಕೊಡಿ.

ತಂಗಿಯ ಮಗ ಆ ಫ್ಲ್ಯಾಟ್ ಬಿಡಲಿಲ್ಲ. ನಾವು ಕಂಡದ್ದನ್ನೆಲ್ಲ ಮಾರುವವರ ಮುಂದೆ ಇಟ್ಟೆವು. ಅವರು ಸಂಭಾವಿತರು, ಬಾತ್‌ರೂಮ್ ಪೂರ್ತಿ ಒಡೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಕೆಳಗಿನ ಸ್ಲ್ಯಾಬಿನ ಸರಳಿಗೂ ರಿಪೇರಿ ಮಾಡಿಸಿ ಕೊಟ್ಟರು. ನೀರು ನಿಲ್ಲಿಸಿ 24 ಗಂಟೆ ಕಳೆದ ಮೇಲೆಯೇ ಟೋಕನ್ ಕೊಟ್ಟದ್ದು. ಈ ಆಗಸ್ಟ್‌ನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ ನಾನು ಮೊದಲು ಕೆಳಗಿನ ಅಕ್ಕನ ಮನೆಗೆ ಹೋಗಿ ಸ್ಲ್ಯಾಬಿಗೆ ಟಾರ್ಚ್ ಬಿಟ್ಟೆ. ಒಣಗಿತ್ತು. ಬಕೆಟ್ ಇದ್ದ ಜಾಗದಲ್ಲಿ ಅವರು ವಾಷಿಂಗ್ ಮೆಷಿನ್ ಇಟ್ಟಿದ್ದರು.