31 ಸಾವಿರ ಅಂದ ಮಷಿನ್, ಮತ್ತು ಒಂದು ಸ್ಲೈಡ್

ನಾನು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಕಡೆ ಪ್ಲೇಟ್‌ಲೆಟ್ (ರಕ್ತ ನಿಲ್ಲಿಸುವ ಪುಟ್ಟ ಕಣ) ಕಮ್ಮಿ ಅಂದ ಕೂಡಲೇ ಬೇಸಿಗೆಯಾದರೆ ಮಂಗನ ಕಾಯಿಲೆ, ಮಳೆಗಾಲವಾದರೆ ಡೆಂಗಿ ಅಂತ ಹೆದರುತ್ತಾರೆ. ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಬಂದಿದ್ದು ಮಾರ್ಚಿನಲ್ಲಿ. ಬೇರೆ ಕಡೆಯ ರಿಪೋರ್ಟಿನಲ್ಲಿ ಕೌಂಟ್ 31 ಸಾವಿರ. 1.5 ಲಕ್ಷವಾದರೂ ಇರಬೇಕಲ್ವಾ? ಗರ್ಭಕೋಶದ ಆಪರೇಷನ್ ಮುಂದಕ್ಕೆ ಹೋಗಿತ್ತು. ದರಗು (ತರಗೆಲೆ) ತರಲು ಕಾಡಿಗೆ ಹೋದಾಗ ಮಂಗನ ಕಾಯಿಲೆ ಹರಡುವ ಉಣುಗು ಕಚ್ಚಿರಬೇಕು ಅಂತ ಮಗನ ಗುಮಾನಿ. ವಾರದಿಂದ ಪಪ್ಪಾಯಿ ಎಲೆ ರಸ ಬೇರೆ ಕುಡಿಸುತ್ತಿದ್ದರು, ಪಾಪ.

ಆದರೆ ಜ್ವರವೇ ಇರಲಿಲ್ಲ. ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಎಂದಿನಂತೆ ನಿಂತಿತು. ನಮ್ಮ ಮಷಿನ್ನೂ 28 ಸಾವಿರ ಅಂದಿತು. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಕಡ್ಡಿ ಹಾಕಿ ನೋಡಿದೆ, ಇಲ್ಲ. ಒಂದು ಹನಿ ರಕ್ತ ಸವರಿ ಸ್ಲೈಡ್ ಮಾಡಿ ಲೀಶ್ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿ ನೋಡಿದರೆ, ಸವರಿದ ರಕ್ತದ ತೆಳು ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಅಡಿಕೆ ಗೊನೆಯ ಹಾಗೆ ಒತ್ತೊತ್ತಾಗಿ ಕೂತಿದ್ದವು! ಮಷಿನ್ ಗಾತ್ರ ನೋಡಿ ಎಣಿಸುತ್ತದೆ, ಗೊಂಚಲು ಅದಕ್ಕೆ ಲೆಕ್ಕಕ್ಕೇ ಸಿಗುವುದಿಲ್ಲ.

ಇದರ ಮೂಲ ಪ್ಲೇಟ್‌ಲೆಟ್ ಮೈಮೇಲಿನ ಒಂದು ಪ್ರೋಟೀನ್, ಜಿಪಿ ಟುಬಿ-ತ್ರೀಎ. ಒಂದೊಂದು ಪ್ಲೇಟ್‌ಲೆಟ್ ಮೇಲೆ ಸುಮಾರು 80 ಸಾವಿರ ಇರುತ್ತವೆ. ಸುಮ್ನೆ ಇದ್ದಾಗ ಬಾಗಿಕೊಂಡಿರುತ್ತದೆ, ಗಾಯವಾದಾಗ ನೆಟ್ಟಗಾಗಿ ರಕ್ತದಲ್ಲಿರುವ ಫೈಬ್ರಿನೋಜೆನ್ ಅನ್ನೋ ಪ್ರೋಟೀನಿನ ಒಂದು ತುದಿ ಹಿಡಿಯುತ್ತದೆ, ಇನ್ನೊಂದು ತುದಿಯನ್ನು ಪಕ್ಕದ ಪ್ಲೇಟ್‌ಲೆಟ್ ಹಿಡಿಯುತ್ತದೆ, ಹೀಗೆ ಒಂದಕ್ಕೊಂದು ಕಟ್ಟಿಕೊಂಡು ರಕ್ತ ನಿಲ್ಲುತ್ತದೆ. ಈ ಪ್ರೋಟೀನಿನ ಎರಡು ಭಾಗ ಜೋಡಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಕೌಂಟ್ ನೋಡುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ, ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿರುವ ಇಡಿಟಿಎ ಅನ್ನೋ ರಾಸಾಯನಿಕ ಆ ಕ್ಯಾಲ್ಸಿಯಂ ಅನ್ನೇ ಎಳೆದುಕೊಳ್ಳುತ್ತದೆ. ಆಗ ಒಳಗೆ ಮುಚ್ಚಿಕೊಂಡಿದ್ದ ಜಾಗ ಹೊರಗೆ ಬರುತ್ತದೆ, ಕೆಲವರ ರಕ್ತದಲ್ಲಿರುವ ಆಂಟಿಬಾಡಿ ಅಲ್ಲಿ ಹೋಗಿ ಅಂಟಿಕೊಂಡು ಗೊಂಚಲು ಮಾಡುತ್ತದೆ. ಇದೆಲ್ಲ ಟ್ಯೂಬಿನೊಳಗಿನ ಗಲಾಟೆ, ಮೈಯೊಳಗೆ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ.

ಹೆಪ್ಪುಗಟ್ಟದಂತೆ ಇಡಿಟಿಎ ಬದಲು ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಟ್ಯೂಬಿಗೆ ಮತ್ತೆ ರಕ್ತ ತೆಗೆದು ತಡಮಾಡದೆ ಮಷಿನ್ನಿಗೆ ಹಾಕಿದೆ. 1.9 ಲಕ್ಷ! ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಸೇರಿರುವುದರಿಂದ 1.1ರಿಂದ ಗುಣಿಸಬೇಕು, ನಾನೇ ಶುರುವಿನಲ್ಲಿ ಎಷ್ಟೋ ಸಲ ಮರೆತಿದ್ದೇನೆ. 2.09 ಲಕ್ಷ ಬಂತು. ಕೆಲವರಿಗೆ ಸಿಟ್ರೇಟಿನಲ್ಲೂ ಗೊಂಚಲಾಗುತ್ತದೆ, ಹಾಗಾಗಿ ಇನ್ನೊಂದು ಸ್ಲೈಡ್ ನೋಡಿದೆ. ಎಲ್ಲ ಬಿಡಿಬಿಡಿಯಾಗಿದ್ದವು.

ಡಾಕ್ಟರಿಗೆ ಫೋನ್ ಮಾಡಿದೆ. ರಿಪೋರ್ಟಿನ ಕೆಳಗೆ, ಇಡಿಟಿಎಯಲ್ಲಿ ಗೊಂಚಲಾಗುತ್ತದೆ, ಮುಂದೆಯೂ ಸಿಟ್ರೇಟಿನಲ್ಲೇ ನೋಡಿ ಅಂತ ಬರೆದು, ಇನ್ನೊಂದು ಊರಿನ ಲ್ಯಾಬಿನಲ್ಲಿ ಮತ್ತೆ ಇದೇ ಪಾಡಾಗದಿರಲಿ ಅಂತ ಎರಡು ಜೆರಾಕ್ಸ್ ಮಗನ ಕೈಗೆ ಕೊಟ್ಟೆ.