ಮ್ಯೂನಿಕ್‌ನಲ್ಲಿ ಅವಸರದ ಮನೆ ಬದಲಾವಣೆ: ಮೊದಲು ಕಾಗದ, ಆಮೇಲೆ ಗಂಟುಮೂಟೆ

ಮ್ಯೂನಿಕ್‌ನ ಹಾರಾಸ್ ಹತ್ತಿರ ಇದ್ದ ನಮ್ಮ ಹಳೆ ಮನೆಯ ಬೆಡ್‌ರೂಮಿನ ಮೂಲೆಯಲ್ಲಿ ಚಳಿಗಾಲ ಬಂತೆಂದರೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಿದೆವು, ಮಗಳ ಮಂಚ ಗೋಡೆಯಿಂದ ದೂರ ಎಳೆದೆವು. ಕೆಮ್ಮು ಮಾತ್ರ ಬಿಡಲಿಲ್ಲ. ಸೆಪ್ಟೆಂಬರ್‌ಗೆ ಅವಳು ಒಂದನೇ ಕ್ಲಾಸು. ಮ್ಯೂನಿಕ್ ಇರುವ ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಸರ್ಕಾರಿ ಪ್ರೈಮರಿ ಸ್ಕೂಲು ಯಾವುದು ಅನ್ನೋದು ಮನೆಯ ವಿಳಾಸದ ಮೇಲೆ ನಿಂತಿರುತ್ತದೆ. ಹೆಸರು ನೋಂದಾಯಿಸುವುದು ಮಾರ್ಚ್ ಹೊತ್ತಿಗೆ. ಅಷ್ಟರೊಳಗೆ ಹೊಸ ವಿಳಾಸ ಆಗಲೇಬೇಕಿತ್ತು.

ಡಿಸೆಂಬರ್ ಕೊನೆಗೆ ನೋಯ್‌ಪರ್ಲಾಖ್‌ನಲ್ಲಿ ಮನೆ ಸಿಕ್ಕಿತು. ಯು5 ಮೆಟ್ರೋ ಹತ್ತಿರ, ಓಸ್ಟ್‌ಪಾರ್ಕ್‌ಗೆ ನಡೆದೇ ಹೋಗಬಹುದು. ಫೆಬ್ರವರಿ 1ರಿಂದ ಬಾಡಿಗೆ ಶುರು. 1960ರ ದಶಕದ ಕೊನೆಯಿಂದ ಎದ್ದ ಕಾಂಕ್ರೀಟ್ ಬಡಾವಣೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಮಕ್ಕಳಿಗೆ ಓಡಾಡಲು ಅಷ್ಟು ಜಾಗ ಊರೊಳಗೆ ಎಲ್ಲಿದೆ ಹೇಳಿ?

ಹೊಸ ಮನೆಯ ಕರಾರಿಗೆ ಎರಡೂ ಕಡೆಯ ಸಹಿ ಬೀಳುವವರೆಗೆ ಹಳೆ ಮನೆಗೆ ನೋಟಿಸ್ ಕೊಡಲಿಲ್ಲ. ಮ್ಯೂನಿಕ್‌ನಂಥ ಊರಲ್ಲಿ ಬಾಯಿಮಾತು ನಂಬಿ ನೋಟಿಸ್ ಕೊಟ್ಟರೆ ಬೀದಿಗೆ ಬರಬೇಕಾದೀತು. ಸಹಿ ಆದ ಮೇಲೆ ಮಾತ್ರ ಒಂದು ದಿನವೂ ತಡ ಮಾಡಬಾರದು. ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಅನ್ನುತ್ತಾರೆ. ಪತ್ರ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಈಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಕಾಗದವೇ ಆಗಬೇಕು, ಕರಾರಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಹಾಕಬೇಕು. ನಮ್ಮ ಯಜಮಾನರು ಜನವರಿ ಶುರುವಿನಲ್ಲೇ ಖುದ್ದಾಗಿ ಹೋಗಿ ಪತ್ರ ಕೊಟ್ಟು, ನಕಲಿನ ಮೇಲೆ ತಾರೀಖು, ಸಹಿ ಹಾಕಿಸಿಕೊಂಡು ಬಂದರು. ಅಲ್ಲಿಗೆ ಹಳೆ ಮನೆ ಮಾರ್ಚ್ 31ಕ್ಕೆ ಮುಗಿಯಿತು.

ಅಂದರೆ ಎರಡು ತಿಂಗಳು ಡಬಲ್ ಬಾಡಿಗೆ. ‘ಮೂರು ಜನ ಹೊಸ ಬಾಡಿಗೆದಾರರನ್ನು ತೋರಿಸಿದರೆ ಸಾಕು, ಮಾಲೀಕರು ಬಿಡಲೇಬೇಕು’ ಅಂತ ನಮ್ಮವರಲ್ಲೂ ಒಂದು ನಂಬಿಕೆ ಇದೆ. ಅಂಥ ಕಾನೂನು ಇಲ್ಲ. ಒಪ್ಪುವುದು ಬಿಡುವುದು ಮಾಲೀಕರ ಇಷ್ಟ. ಹಾಗಾಗಿ ನಾವು ಹಕ್ಕಿನ ಮಾತೇ ಆಡಲಿಲ್ಲ. ಒಳ್ಳೆಯ ಕೆಲಸದಲ್ಲಿದ್ದ ಒಂದು ಜೋಡಿಯನ್ನು ಹುಡುಕಿ, ಅವರ ಸಂಬಳ ಚೀಟಿ ಸಮೇತ ಪರಿಚಯ ಮಾಡಿಸಿದೆವು. ಗೋಡೆಯ ಬೂಷ್ಟಿನ ವಿಷಯವನ್ನು ಅವರಿಂದ ಮುಚ್ಚಿಡಲಿಲ್ಲ. ರಿಪೇರಿ ಮಾಡಿಸುತ್ತೇನೆ ಎಂದು ಮಾಲೀಕರು ಬರೆದುಕೊಟ್ಟ ಮೇಲೆ ಆ ಜೋಡಿ ಒಪ್ಪಿತು, ಫೆಬ್ರವರಿ ಕೊನೆಗೆ ನಮಗೆ ಬಿಡುಗಡೆ. ಆ ಒಪ್ಪಂದವೂ ಕಾಗದದ ಮೇಲೆಯೇ.

ಹೊಸ ಮನೆಗೆ ಠೇವಣಿ ಕೊಡಬೇಕಲ್ಲ, ಕಾನೂನಿನ ಪ್ರಕಾರ ಅದು ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆ, ಅಂದರೆ ಹೀಟಿಂಗ್, ನೀರಿನಂಥ ಖರ್ಚು ಸೇರದ ಬಾಡಿಗೆ. ಮೂರು ಕಂತಿನಲ್ಲಿ ಕೊಡುವ ಅವಕಾಶವಿದೆ. ಹಳೆ ಠೇವಣಿ ಕೈಗೆ ಬಂದಿರದ ಹೊತ್ತಲ್ಲಿ ನಮ್ಮನ್ನು ಕಾಪಾಡಿದ್ದು ಇದೇ.

ಇನ್ನು ಅಡುಗೆಮನೆ. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಸ್ಟೋವ್, ಸಿಂಕ್, ಕಪಾಟು ಯಾವುದೂ ಇರುವುದಿಲ್ಲ, ಬರೀ ಗೋಡೆ, ನೀರಿನ ಪೈಪು. ಹೊಸದು ಹಾಕಿಸಲು ವಾರಗಟ್ಟಲೆ ಕಾಯಬೇಕು. ಬಿಟ್ಟು ಹೋಗುವವರ ಕಿಚನ್ನನ್ನೇ ಕೊಂಡುಕೊಂಡೆವು. ದುಡ್ಡು ಕೊಡುವ ಮೊದಲು ಒಲೆಯ ನಾಲ್ಕೂ ಪ್ಲೇಟು ಕಾಯಿಸಿ, ಸಿಂಕಿನ ಕೆಳಗೆ ಕೈಯಾಡಿಸಿ ಪಸೆ ಇದೆಯಾ ನೋಡಿದೆ. ಬೇರೆ ರೂಮುಗಳಲ್ಲಿ ಚಾವಣಿಯಿಂದ ಬರೀ ವೈರು ಇಳಿಬಿದ್ದಿತ್ತು. ಮೊದಲ ವಾರ ಟೇಬಲ್ ಲ್ಯಾಂಪಿನಲ್ಲೇ ಕಳೆದೆವು.

ಸಾಮಾನು ಸಾಗಿಸಲು ಗೆಳೆಯರೇ ಬಂದರು. ಇಲ್ಲಿಯ ಕಾರಿನ ಲೈಸೆನ್ಸ್ ಇದ್ದರೆ 3.5 ಟನ್‌ವರೆಗಿನ ವ್ಯಾನ್ ಓಡಿಸಬಹುದು. ಮನೆ ಮುಂದೆ ವ್ಯಾನ್ ನಿಲ್ಲಿಸಲು ನಗರಾಡಳಿತದ ಅನುಮತಿ ಪಡೆದು, ಕೆಲವು ದಿನ ಮೊದಲೇ ನೋ ಪಾರ್ಕಿಂಗ್ ಬೋರ್ಡು ಇಡಬೇಕು. ಇಟ್ಟ ಹೊತ್ತಿಗೆ ಅಲ್ಲಿ ನಿಂತಿದ್ದ ಕಾರುಗಳ ನಂಬರನ್ನೂ ಬರೆದಿಟ್ಟುಕೊಳ್ಳಬೇಕು. ವಾಷಿಂಗ್ ಮೆಷಿನ್ ಎತ್ತುವ ಮೊದಲು ಒಬ್ಬ ಹುಡುಗ, ‘ಅಕ್ಕಾ, ಡ್ರಮ್ಮಿಗೆ ಬೋಲ್ಟ್ ಹಾಕಿದ್ದೀರಾ?’ ಅಂತ ಕೇಳಿದ. ಕೊಂಡಾಗ ಹಿಂದೆ ಇದ್ದ ಉದ್ದನೆಯ ಬೋಲ್ಟುಗಳನ್ನು ಕವರಿನಲ್ಲಿ ಇಟ್ಟಿದ್ದೆ, ತಿರುಗಿಸಿ ಕೂರಿಸಿದೆವು. ಅವಿಲ್ಲದೆ ಸಾಗಿಸಿದರೆ ಡ್ರಮ್ಮು ಒಳಗೇ ಬಡಿದಾಡಿ ಹಾಳಾಗುತ್ತದೆ. ಊರಿಂದ ತಂದ ಗ್ರೈಂಡರಿನ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ನಾನೇ ಹೊತ್ತೆ, ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಎಷ್ಟೇ ಅವಸರವಿದ್ದರೂ ಬೀಗ ಒಪ್ಪಿಸುವ ಕೆಲಸ ನಿಧಾನವಾಗಿ ಮಾಡಿ. ಹಗಲು ಬೆಳಕಿದ್ದಾಗ ಹೋಗಿ. ನಾವು ಎರಡೂ ಮನೆಯಲ್ಲಿ ರೂಮು ರೂಮು ಸುತ್ತಿ, ಗೀರು, ಕಲೆ, ಕೀಲಿ ಎಷ್ಟು, ಹೀಟಿಂಗ್, ನೀರು, ಕರೆಂಟ್ ಮೀಟರಿನ ಅಂಕಿ ಎಲ್ಲ ಬರೆಸಿ ಇಬ್ಬರೂ ಸಹಿ ಹಾಕಿದೆವು. ಹಳೆ ಮನೆಯ ಬೂಷ್ಟಿನ ಗೋಡೆ ಮುಂದೆ ಮಾತು ಸ್ವಲ್ಪ ಬಿಸಿಯಾಯಿತು. ಅಡುಗೆ ಹಬೆಯಿಂದಲೇ ಹೀಗಾಗಿದ್ದು ಅಂದರು ಮಾಲೀಕರು. ಹೊರಗೋಡೆ ತಣ್ಣಗಿರುವುದರಿಂದ ಪಸೆ ಅಲ್ಲೇ ಕೂರುತ್ತದೆ, ಮೊದಲ ಚಳಿಗಾಲದಲ್ಲೇ ಬರೆದು ತಿಳಿಸಿದ್ದೆವು ಅಂತ ಹಳೆ ಪತ್ರ ತೋರಿಸಿದೆವು. ಅದನ್ನೂ ಬರೆದುಕೊಂಡರು.

ಹೊಸ ಮಾಲೀಕರಿಂದ ವಾಸದ ದೃಢೀಕರಣ ಪತ್ರ ತೆಗೆದುಕೊಂಡು, ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ಬದಲಿಸಬೇಕು. ಆ ಕಾಗದ ಹಿಡಿದೇ ಮಗಳನ್ನು ಸ್ಕೂಲಿಗೆ ಸೇರಿಸಿದೆವು.

ಹಳೆ ಠೇವಣಿಯ ಹೆಚ್ಚಿನ ಪಾಲು ವಾಪಸ್ ಬಂದಿದೆ. ಹೀಟಿಂಗ್, ನೀರಿನ ಲೆಕ್ಕಕ್ಕೆಂದು ಸ್ವಲ್ಪ ಉಳಿಸಿಕೊಂಡಿದ್ದಾರೆ, ಅದು ಇಲ್ಲಿ ಮಾಮೂಲು. ಲೆಕ್ಕದ ವರ್ಷ ಮುಗಿದ ಮೇಲೂ ಆ ಖರ್ಚಿನ ಲೆಕ್ಕ ಕೊಡಲು ಮಾಲೀಕರಿಗೆ 12 ತಿಂಗಳ ಗಡುವಿದೆ. ಅಲ್ಲಿಯವರೆಗೆ ಮೀಟರ್ ಫೋಟೋಗಳನ್ನು ಫೋನಿನಿಂದ ಅಳಿಸಬೇಡಿ.