ಬುದ್ಧನ ಮಾತನ್ನು ಬೇರೆ ಧರ್ಮಗಳ ಪಕ್ಕದಲ್ಲಿಟ್ಟು ಓದುವುದು ಹೇಗೆ: ಆರು ಭಾನುವಾರಗಳ ಓದುಕೂಟಕ್ಕೆ ಕೈಪಿಡಿ

ಬುದ್ಧಪೂರ್ಣಿಮೆಯ ಕಾರ್ಯಕ್ರಮಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಎಲ್ಲ ಧರ್ಮಗಳೂ ಹೇಳುವುದು ಒಂದೇ." ಒಳ್ಳೆಯ ಮನಸ್ಸಿನಿಂದ ಬರುವ ಮಾತೇ ಹೌದು. ಆದರೆ ಅಲ್ಲಿಗೆ ಓದು ನಿಂತುಹೋಗುತ್ತದೆ. ಒಂದೇ ಎಂದಮೇಲೆ ಬುದ್ಧ ಏನು ಹೇಳಿದ, ಮಹಾವೀರ ಏನು ಹೇಳಿದ ಎಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಂಥ ಓದಿಗೆ ಬೇಕಾದದ್ದೆಲ್ಲ ಕೈಗೆಟಕುವ ದೂರದಲ್ಲಿದೆ. ತುಮಕೂರಿನ ಹತ್ತಿರ ಮಂದಾರಗಿರಿಯ ಬಸದಿಗಳು, ಊರಂಚಿನಲ್ಲೇ ಸಿದ್ಧಗಂಗೆ, ಚಿಂತಾಮಣಿಯ ಕಡೆ ಕೈವಾರ ತಾತಯ್ಯನ ತತ್ವಪದಗಳು ಮತ್ತು ಮುರುಗಮಲ್ಲದ ದರ್ಗಾ. ಕೆಜಿಎಫ್‌ನಲ್ಲಿ ಚರ್ಚುಗಳ ಜೊತೆಗೆ, ತಮಿಳು ಚಿಂತಕ ಅಯೋತಿ ದಾಸರ ಬೌದ್ಧ ಚಳವಳಿಯಿಂದ 20ನೇ ಶತಮಾನದ ಆರಂಭದಲ್ಲೇ ಬೇರುಬಿಟ್ಟ ಬೌದ್ಧ ಪರಂಪರೆಯೂ ಇದೆ.

ಕೂಟ ಕಟ್ಟುವುದು

ಎಂಟರಿಂದ ಹನ್ನೆರಡು ಜನ ಸಾಕು. ಹದಿನೈದು ದಾಟಿದರೆ ಅದು ಭಾಷಣವಾಗುತ್ತದೆ, ಐದಕ್ಕಿಂತ ಕಡಿಮೆಯಾದರೆ ಇಬ್ಬರ ಹರಟೆಯಾಗುತ್ತದೆ. ಗ್ರಂಥಾಲಯದ ಒಂದು ಕೋಣೆಯೋ ಯಾರದಾದರೂ ಮನೆಯ ಪಡಸಾಲೆಯೋ ಆದೀತು. ಯಾವುದೇ ಒಂದು ಧರ್ಮದ ಪೂಜಾಸ್ಥಳದಲ್ಲಿ ಮೊದಲ ಕೂಟ ಇಡಬೇಡಿ. ಅಲ್ಲಿ ಒಬ್ಬರು ಆತಿಥೇಯರು, ಉಳಿದವರು ಅತಿಥಿಗಳು. ಅತಿಥಿಗಳು ಮನಸ್ಸು ಬಿಚ್ಚಿ ಕೇಳುವುದಿಲ್ಲ.

ಒಂದು ಕೂಟಕ್ಕೆ ಒಂದೂವರೆ ಗಂಟೆ, ಅದಕ್ಕೆ ಮೂರೇ ಪಠ್ಯಗಳು, ಒಂದೊಂದೂ ನಾಲ್ಕೈದು ಸಾಲು ಮೀರಬಾರದು. ಇಡೀ ಗ್ರಂಥ ತಂದಿಟ್ಟುಕೊಂಡರೆ ಎಲ್ಲರೂ ತಮಗೆ ಇಷ್ಟವಾದ ಪುಟ ಹುಡುಕುತ್ತಾ ಕೂರುತ್ತಾರೆ. ಬುದ್ಧವಚನಗಳ ಸಂಗ್ರಹವಾದ ಧಮ್ಮಪದದಲ್ಲಿ 26 ವಗ್ಗಗಳು (ಅಧ್ಯಾಯಗಳು), 423 ಗಾಥೆಗಳು (ಪದ್ಯಗಳು) ಇವೆ. ಗಾಥೆಯ ಸಂಖ್ಯೆ ಕೊಟ್ಟಿರುವ ಕನ್ನಡ ಅನುವಾದವನ್ನೇ ಆರಿಸಿಕೊಳ್ಳಿ. ಸಂಖ್ಯೆಯಿಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಬುದ್ಧನ ಚಿತ್ರದ ಕೆಳಗೆ ಬರುವ ಮಾತಿಗೂ ಬುದ್ಧವಚನಕ್ಕೂ ವ್ಯತ್ಯಾಸ ಹಿಡಿಯಲಾಗದು. ನಿಯಮ ಒಂದೇ: ಗ್ರಂಥ ಮತ್ತು ಸಂಖ್ಯೆ ಹೇಳಲಾಗದ ಉಲ್ಲೇಖ ಕೂಟದಲ್ಲಿ ನಡೆಯುವುದಿಲ್ಲ.

ಮೊದಲ ದಿನ ಅಶೋಕನ ಹನ್ನೆರಡನೆಯ ಬಂಡೆಶಾಸನವನ್ನು ಓದಿಸಿ. ಅದರ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ತನ್ನ ಪಂಥವನ್ನು ಹೊಗಳುವಾಗ, ಪರರ ಪಂಥವನ್ನು ಹಳಿಯುವಾಗ ನಾಲಿಗೆಗೆ ಕಡಿವಾಣವಿರಲಿ, ಪರಪಂಥವನ್ನು ಹಳಿದವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ಭಾವ. ಎಲ್ಲವೂ ಒಂದೇ ಎಂದು ಅಶೋಕ ಹೇಳಲಿಲ್ಲ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲಿ ಎಂದ.

ಮೊದಲು ಪದಗಳನ್ನು ತೊಳೆಯಿರಿ

ಕನ್ನಡದಲ್ಲಿ ಓದುವವರಿಗೆ ಒಂದು ವಿಶೇಷ ತೊಡಕಿದೆ. ಬುದ್ಧನ ಪದಗಳೆಲ್ಲ ನಮಗೆ ಗೊತ್ತಿರುವ ಪದಗಳೇ. ಗೊತ್ತಿರುವುದರಿಂದಲೇ ಎಡವುತ್ತೇವೆ. ಹಾಗಾಗಿ ಶಾಸನ ಓದಿದ ಮೇಲೆ ಮೊದಲ ಭಾನುವಾರದ ಉಳಿದ ಹೊತ್ತನ್ನು ಪೂರ್ತಿ ಪದಗಳಿಗೇ ಕೊಡಿ.

"ದುಃಖ" ಎಂದರೆ ನಮಗೆ ಸಾವಿನ ಮನೆ, ಕಣ್ಣೀರು. ಅದೇ ಅರ್ಥ ಇಟ್ಟುಕೊಂಡರೆ ಬುದ್ಧ ನಿರಾಶಾವಾದಿ ಅನ್ನಿಸಿಬಿಡುತ್ತಾನೆ. ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯ ದುಕ್ಖ ಅದಕ್ಕಿಂತ ಅಗಲ. ಕೋಲಾರದಲ್ಲಿ ಬೋರ್ ಕೊರೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಚಿಮ್ಮಿದ ದಿನ ಸಂಭ್ರಮ, ಆ ರಾತ್ರಿಯಿಂದಲೇ "ಎಷ್ಟು ದಿನ ಇರುತ್ತೋ" ಎಂಬ ಅಳುಕು. ಬೋರ್ ಬತ್ತಿದಾಗಿನ ನೋವಷ್ಟೇ ಅಲ್ಲ, ನೀರಿರುವಾಗಿನ ಆ ಅಳುಕೂ ದುಕ್ಖವೇ. ಅದಕ್ಕೆ ಕಾರಣವೆಂದು ಬುದ್ಧ ಹೇಳಿದ "ತಣ್ಹಾ" ಪದದ ನೇರ ಅರ್ಥ ಬಾಯಾರಿಕೆ.

"ಕರ್ಮ" ಇನ್ನೂ ಕಷ್ಟ. "ಅಯ್ಯೋ, ನನ್ನ ಕರ್ಮ" ಎನ್ನುವಾಗ ನಾವು ಹಣೆಬರಹ ಎಂದೇ ಹೇಳುತ್ತಿರುತ್ತೇವೆ. ಪಾಳಿ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬುದ್ಧ ಇದರ ಅರ್ಥವನ್ನೇ ತಿರುಗಿಸುತ್ತಾನೆ: ಚೇತನೆಯನ್ನು, ಅಂದರೆ ಸಂಕಲ್ಪವನ್ನು, ನಾನು ಕರ್ಮ ಎನ್ನುತ್ತೇನೆ. ಕರ್ಮ ಹಿಂದಿನಿಂದ ಬಂದು ಬಿದ್ದದ್ದಷ್ಟೇ ಅಲ್ಲ, ಈಗ ನೀವು ಮಾಡಲು ಹೊರಟಿರುವುದೂ ಹೌದು. ಜೈನರಲ್ಲಿ ಕರ್ಮ ಸೂಕ್ಷ್ಮವಾದ ಪುದ್ಗಲ, ಜೀವಕ್ಕೆ ಬಂದು ಅಂಟುವ ದ್ರವ್ಯ. ಪದ ಒಂದೇ, ವಸ್ತು ಬೇರೆ.

"ಸಂಘ" ಎಂದರೆ ಸ್ತ್ರೀಶಕ್ತಿ ಸಂಘ ನೆನಪಾಗುತ್ತದೆ, "ಧರ್ಮಕ್ಕೆ ಕೊಟ್ಟರು" ಎಂದರೆ ಪುಕ್ಕಟೆ. ಪ್ರತಿ ಪದಕ್ಕೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸಿ: ನಮ್ಮ ಬೀದಿಯಲ್ಲಿ ಇದರ ಅರ್ಥ, ಆ ಗ್ರಂಥದಲ್ಲಿ ಇದರ ಕೆಲಸ.

ನಾಲ್ಕು ಪ್ರಶ್ನೆಗಳ ಪುಟ

ಎರಡನೇ ಭಾನುವಾರ ಪುಟವನ್ನು ನಾಲ್ಕು ಕಂಬಸಾಲಾಗಿ ಗೆರೆ ಎಳೆದು ಹೀಗೆ ಕೇಳಿ: ತೊಂದರೆ ಏನು? ಅದಕ್ಕೆ ಮೂಲ ಯಾವುದು? ಬಿಡುಗಡೆ ಹೇಗಿರುತ್ತದೆ? ದಾರಿ ಯಾವುದು? ಇವು ಬುದ್ಧ ಬೋಧಿಸಿದ ನಾಲ್ಕು ಸತ್ಯಗಳ, ಅಂದರೆ ಚತುರಾರ್ಯ ಸತ್ಯಗಳ, ಜಾಡಿನಲ್ಲೇ ಇರುವ ಪ್ರಶ್ನೆಗಳು. ಆದ್ದರಿಂದ ಬೌದ್ಧ ಸಾಲು ಸಲೀಸಾಗಿ ತುಂಬುತ್ತದೆ: ದುಕ್ಖ, ತಣ್ಹಾ, ನಿಬ್ಬಾಣ (ನಿರ್ವಾಣ), ಅಷ್ಟಾಂಗ ಮಾರ್ಗ. ಪ್ರತಿಯೊಂದಕ್ಕೂ ಒಂದು ಕೆಲಸವಿದೆ ಎಂಬುದನ್ನು ಬಿಡಬೇಡಿ: ಮೊದಲನೆಯದನ್ನು ಅರಿಯಬೇಕು, ಎರಡನೆಯದನ್ನು ಬಿಡಬೇಕು, ಮೂರನೆಯದನ್ನು ಕಣ್ಣಾರೆ ಕಾಣಬೇಕು, ನಾಲ್ಕನೆಯದನ್ನು ಬೆಳೆಸಿಕೊಳ್ಳಬೇಕು.

ಜೈನ ಸಾಲಿಗೆ ಬಂಧ, ಕರ್ಮದ ಆಸ್ರವ (ಜೀವದೊಳಕ್ಕೆ ಹರಿದು ಬರುವುದು), ಸಿದ್ಧಪದವಿ (ಕರ್ಮ ಕಳಚಿದ ಮುಕ್ತಸ್ಥಿತಿ), ರತ್ನತ್ರಯ (ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ). ಅದ್ವೈತಕ್ಕೆ ಸಂಸಾರ, ಅವಿದ್ಯೆ, ಬ್ರಹ್ಮಭಾವ, ಜ್ಞಾನ. ದ್ವೈತಕ್ಕೆ ಬೇರೆ ಸಾಲೇ ಬೇಕು, ಏಕೆಂದರೆ ಮಧ್ವರಲ್ಲಿ ಜೀವನೂ ಹರಿಯೂ ಎಂದೆಂದಿಗೂ ಬೇರೆ, ಮೋಕ್ಷಕ್ಕೆ ಅವನ ಪ್ರಸಾದ ಬೇಕು. "ಹಿಂದೂ" ಎಂಬ ಒಂದೇ ಸಾಲು ಹಾಕಿದರೆ ಪುಟ ಅಲ್ಲೇ ಕೆಡುತ್ತದೆ. ಕ್ರೈಸ್ತ ಸಾಲಿನಲ್ಲಿ ತೊಂದರೆ ಪಾಪ, ಬಿಡುಗಡೆ ಕ್ರಿಸ್ತನ ಮೂಲಕ ಬರುವ ರಕ್ಷಣೆ. ಇಸ್ಲಾಮಿನಲ್ಲಿ ಆದಿಪಾಪದ, ಅಂದರೆ ಹುಟ್ಟಿನಿಂದಲೇ ಬರುವ ಪಾಪದ, ಕಲ್ಪನೆಯಿಲ್ಲ. ಅಲ್ಲಿ ಮನುಷ್ಯ ಮರೆಯುತ್ತಾನೆ, ಅವನಿಗೆ ನೆನಪಿಸಬೇಕು, ದಾರಿ ತೋರಬೇಕು. ಈ ಎರಡು ಸಾಲುಗಳನ್ನು ತುಂಬುವಾಗ ನಮ್ಮ ನಾಲ್ಕು ಪ್ರಶ್ನೆಗಳು ಬಿಗಿಯಾಗುತ್ತವೆ. "ದೇವರ ಜೊತೆ ಸಂಬಂಧ" ಎನ್ನುವುದಕ್ಕೆ ಪುಟದಲ್ಲಿ ಜಾಗವೇ ಇಲ್ಲ. ಅಂಚಿನಲ್ಲಿ ಐದನೇ ಕಂಬಸಾಲು ಎಳೆಯಿರಿ. ಆಗ ಬೌದ್ಧ ಸಾಲಿನಲ್ಲಿ ಅದು ಖಾಲಿ ಉಳಿಯುತ್ತದೆ, ಉಳಿಯಲಿ. ಹಾಗೆಂದು ಪಾಳಿ ಸುತ್ತಗಳಲ್ಲಿ (ಬುದ್ಧನ ಉಪದೇಶಗಳಲ್ಲಿ) ದೇವತೆಗಳೇ ಇಲ್ಲವೆಂದಲ್ಲ. ಬೋಧಿಸು ಎಂದು ಬುದ್ಧನನ್ನು ಬೇಡಿಕೊಳ್ಳಲು ಬಂದವನು ಬ್ರಹ್ಮ ಸಹಂಪತಿ. ಆದರೆ ಆ ದೇವತೆಗಳೂ ಸಂಸಾರದೊಳಗೇ ಇದ್ದಾರೆ, ಯಾರನ್ನೂ ಬಿಡಿಸಲಾರರು.

ಕ್ರಿಯಾಪದದ ತುದಿ ನೋಡಿ

ಮೂರನೇ ಭಾನುವಾರ ಶೀಲ. ಕೂಟಗಳು ಹೆಚ್ಚಾಗಿ "ನೋಡಿ, ಎಲ್ಲ ಕಡೆ ಕೊಲ್ಲಬೇಡ ಅಂತಲೇ ಇದೆ" ಎಂದು ಮುಗಿಸಿಬಿಡುವುದು ಇಲ್ಲೇ. ಮೂರು ಪಠ್ಯಗಳನ್ನು ಒಂದರ ಕೆಳಗೊಂದು ಬರೆದು ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದನ್ನಷ್ಟೇ ನೋಡಿಸಿ.

ಬಸವಣ್ಣನವರ "ಕಳಬೇಡ, ಕೊಲಬೇಡ" ವಚನ "ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ" ಎಂಬಲ್ಲಿ ಮುಗಿಯುತ್ತದೆ. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ "ನರಹತ್ಯ ಮಾಡಬಾರದು" ಎಂದಿದೆ. ಅದು ದೇವರ ಅಪ್ಪಣೆ. ಪಂಚಶೀಲದ ಮೊದಲ ಸಾಲು "ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ": ಜೀವ ತೆಗೆಯುವುದರಿಂದ ದೂರವಿರುವ ಶಿಕ್ಷಣದ ಹೆಜ್ಜೆಯನ್ನು ನಾನು ಕೈಗೊಳ್ಳುತ್ತೇನೆ. ಅಪ್ಪಣೆ ಕೊಡುವವರಿಲ್ಲ, ಒಲಿಸಬೇಕಾದವರೂ ಇಲ್ಲ. ಕರ್ತೃಪದ "ನಾನು". ಮೂರರ ನಡತೆಯೂ ಮೇಲ್ನೋಟಕ್ಕೆ ಒಂದೇ, ನಡೆಯುವವನು ಯಾರ ಕಡೆ ಮುಖ ಮಾಡಿದ್ದಾನೆ ಎಂಬುದು ಬೇರೆ. ಇಷ್ಟು ಕಂಡರೆ ಆ ದಿನದ ಕೂಟ ಗೆದ್ದಂತೆ.

ಜೈನ ಅಣುವ್ರತವನ್ನೂ (ಗೃಹಸ್ಥರ ಐದು ವ್ರತಗಳು) ಪಕ್ಕದಲ್ಲಿಡಿ. ಅದೂ ತಾನಾಗಿ ಕೈಗೊಳ್ಳುವ ವ್ರತವೇ. ಮೊದಲ ನಾಲ್ಕು ಪಂಚಶೀಲಕ್ಕೆ ಬಹಳ ಹತ್ತಿರ. ಐದನೆಯದರಲ್ಲಿ ದಾರಿ ಕವಲೊಡೆಯುತ್ತದೆ. ಬೌದ್ಧರಲ್ಲಿ ಅಮಲಿನಿಂದ ದೂರವಿರುವುದು, ಜೈನರಲ್ಲಿ ಅಪರಿಗ್ರಹ, ಅಂದರೆ ಆಸ್ತಿ ಕೂಡಿಡದಿರುವುದು. ಒಂದು ಕಡೆ ಅರಿವು ತಪ್ಪಬಾರದೆಂಬ ಕಾಳಜಿ, ಇನ್ನೊಂದು ಕಡೆ ಅಂಟು ಹೆಚ್ಚಬಾರದೆಂಬ ಕಾಳಜಿ. ಆಯಾ ಧರ್ಮಕ್ಕೆ ಮೂಲ ತೊಂದರೆ ಏನು ಎಂದು ನಾಲ್ಕು ಪ್ರಶ್ನೆಗಳ ಪುಟದಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎರಡು ಹಣತೆ

ಆತ್ಮದ ವಿಷಯ ನಾಲ್ಕನೇ ವಾರಕ್ಕೆ. ಇದನ್ನು ಬಾಯಿಮಾತಿನಲ್ಲಿ ಆರಂಭಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಜಗಳ. ಎರಡು ಹಣತೆ, ಎಣ್ಣೆ, ಬತ್ತಿ ತನ್ನಿ. ಫ್ಯಾನ್ ನಿಲ್ಲಿಸಿ. ಮೊದಲ ಹಣತೆ ಹಚ್ಚಿ, ಅದರ ಕುಡಿಯಿಂದ ಎರಡನೆಯದನ್ನು ಹಚ್ಚಿ, ಮೊದಲನೆಯದನ್ನು ಹೂವಿನಿಂದ ಶಾಂತ ಮಾಡಿ. ಬಾಯಿಂದ ಊದಬೇಡಿ, ಅನೇಕರ ಮನಸ್ಸಿಗೆ ಅದು ಒಗ್ಗುವುದಿಲ್ಲ. ಈಗ ಕೇಳಿ: ಇಲ್ಲಿಂದ ಅಲ್ಲಿಗೆ ಹೋದದ್ದೇನು? ಎಣ್ಣೆ ಹೋಗಲಿಲ್ಲ, ಬತ್ತಿ ಹೋಗಲಿಲ್ಲ. ಆದರೂ ಮೊದಲ ದೀಪವಿಲ್ಲದೆ ಎರಡನೆಯದು ಹೊತ್ತುತ್ತಿರಲಿಲ್ಲ. ಪಾಳಿಯ ಮಿಲಿಂದಪಞ್ಹ ಗ್ರಂಥದಲ್ಲಿ ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೊಡುವ ಉಪಮೆ ಇದು. ಅದೇ ಅಲ್ಲ, ಬೇರೆಯೂ ಅಲ್ಲ.

ಆಮೇಲೆ ಗೀತೆಯ 2ನೇ ಅಧ್ಯಾಯದ 22ನೇ ಶ್ಲೋಕ ಓದಿ. ಹಳೆ ಬಟ್ಟೆ ಕಳಚಿ ಹೊಸದು ಉಡುವವನೊಬ್ಬನಿದ್ದಾನೆ ಅಲ್ಲಿ. ಹಣತೆಯ ಉಪಮೆಯಲ್ಲಿ ಉಡುವವನು ಇಲ್ಲ. ಎರಡು ಉಪಮೆಗಳನ್ನು ಅಕ್ಕಪಕ್ಕ ಇಟ್ಟಾಗ "ಪುನರ್ಜನ್ಮ ಎರಡರಲ್ಲೂ ಇದೆ" ಎಂಬ ಮಾತಿನೊಳಗಿನ ಅಂತರ ಕಣ್ಣಿಗೇ ಕಾಣುತ್ತದೆ. ನಂದಿದ ಹಣತೆ ಎದುರಿಗೇ ಇದೆ, ನಿಬ್ಬಾಣದ ಪದಾರ್ಥ ನಂದುವುದು ಎಂದು ಈಗಲೇ ಹೇಳಿ. ನಂದುವುದು ರಾಗ, ದ್ವೇಷ, ಮೋಹಗಳ ಉರಿ. ಗೀತೆಯಲ್ಲೂ "ಬ್ರಹ್ಮನಿರ್ವಾಣ" ಎಂದಿದೆ, ಅಲ್ಲಿ ಅದು ಬ್ರಹ್ಮದಲ್ಲಿ ನೆಲೆಗೊಳ್ಳುವುದು. ಬೌದ್ಧರಲ್ಲೇ ಎಲ್ಲರೂ ಒಂದೇ ರೀತಿ ಓದುತ್ತಾರೆಂದೂ ತಿಳಿಯಬೇಡಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಅಂಬೇಡ್ಕರ್ ಪುನರ್ಜನ್ಮವನ್ನು ತಮ್ಮದೇ ರೀತಿಯಲ್ಲಿ ಮತ್ತೆ ವಿವರಿಸಿದರು. ಕೋಲಾರ ಕಡೆಯ ಕೂಟದಲ್ಲಿ ಆ ಓದಿಗೆ ಜಾಗ ಕೊಡಲೇಬೇಕು.

ಒಂದೇ ಮಾತು, ಬೇರೆ ಕಾರಣ

ಐದನೇ ವಾರ ಧಮ್ಮಪದದ 5ನೇ ಗಾಥೆ: ವೈರದಿಂದ ವೈರ ಶಮನವಾಗದು, ಅವೈರದಿಂದಲೇ ಆಗುವುದು. ಪಕ್ಕದಲ್ಲಿ ಮತ್ತಾಯನ ಸುವಾರ್ತೆ 5:44, ವೈರಿಗಳನ್ನು ಪ್ರೀತಿಸಿರಿ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಮುಂದಿನ ಸಾಲನ್ನೂ ಓದಿ. 5:45ರಲ್ಲಿ, ಹೀಗೆ ಮಾಡಿದರೆ ಪರಲೋಕದ ತಂದೆಗೆ ಮಕ್ಕಳಾಗುವಿರಿ ಎಂಬ ಕಾರಣವಿದೆ. ಧಮ್ಮಪದ ಕೊಡುವ ಕಾರಣ "ಇದು ಸನಾತನ ಧರ್ಮ", ಅಂದರೆ ಲೋಕ ನಡೆಯುವ ಬಗೆಯೇ ಹೀಗೆ. ಹೋಲಿಕೆ ಸಿಕ್ಕಿದ ಕೂಡಲೇ "ಏಕೆ" ಎಂಬ ಸಾಲನ್ನು ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಉಪವಾಸವನ್ನೂ ಇದೇ ದಿನ ಹತ್ತು ನಿಮಿಷದಲ್ಲಿ ನೋಡಬಹುದು. ಉಪೋಸಥದ (ಬೌದ್ಧರ ವ್ರತದ ದಿನದ) ಅಷ್ಟಶೀಲ, ಅಂದರೆ ಎಂಟು ಶೀಲ, ತೊಟ್ಟವರು ಮಧ್ಯಾಹ್ನದ ನಂತರ ಉಣ್ಣುವುದಿಲ್ಲ. ರಾತ್ರಿಭೋಜನ ಬಿಟ್ಟ ಜೈನರು ಸೂರ್ಯಾಸ್ತಕ್ಕೆ ಮುಂಚೆ ಮುಗಿಸುತ್ತಾರೆ. ರಂಜಾನ್‌ನಲ್ಲಿ ಸೂರ್ಯಾಸ್ತಕ್ಕೇ ಉಪವಾಸ ಬಿಡುವುದು. ಒಂದೇ ಸೂರ್ಯಾಸ್ತ, ಒಬ್ಬರು ತಟ್ಟೆ ಎತ್ತುವ ಹೊತ್ತಿಗೆ ಇನ್ನೊಬ್ಬರು ಖರ್ಜೂರ ಕೈಗೆತ್ತಿಕೊಳ್ಳುತ್ತಾರೆ.

ಎಲ್ಲಿ ಕೆಡುತ್ತದೆ

"ಬುದ್ಧ ವಿಷ್ಣುವಿನ ಅವತಾರ ತಾನೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ತೀರ್ಪು ಕೊಡಲು ಹೋಗಬೇಡಿ, ಯಾರ ಮಾತು ಯಾವುದು ಎಂದು ವಿಂಗಡಿಸಿ. ದಶಾವತಾರದ ಪಟ್ಟಿಯಲ್ಲಿ ಬುದ್ಧನನ್ನು ಸೇರಿಸಿದ್ದು ಪುರಾಣ ಪರಂಪರೆ. ಬೌದ್ಧ ಪರಂಪರೆ ಅದನ್ನು ತನ್ನದೆನ್ನುವುದಿಲ್ಲ. ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಐದನೆಯದು ಇದನ್ನು ನೇರವಾಗಿ ನಿರಾಕರಿಸುತ್ತದೆ.

ಇನ್ನೊಂದು ದೊಡ್ಡ ತಪ್ಪು, ಒಂದು ಮನೆಯ ಬಗ್ಗೆ ಎದುರು ಮನೆಯವರು ಹೇಳಿದ್ದನ್ನೇ ನಂಬುವುದು. ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ನಿಗಂಠರು, ಅಂದರೆ ಜೈನರು, ಮನಸ್ಸಿಗಿಂತ ಕಾಯದ ತಪ್ಪೇ ದೊಡ್ಡದೆನ್ನುತ್ತಾರೆ ಎಂದಿದೆ. ಅದು ಬೌದ್ಧರ ವರದಿ. ಜೈನರ ತತ್ತ್ವಾರ್ಥಸೂತ್ರ ತೆರೆದರೆ ಹಿಂಸೆಯ ವ್ಯಾಖ್ಯೆ "ಪ್ರಮತ್ತಯೋಗ"ದಿಂದಲೇ, ಎಂದರೆ ಎಚ್ಚರತಪ್ಪಿದ ಸ್ಥಿತಿಯಿಂದಲೇ, ಶುರುವಾಗುತ್ತದೆ. ಎರಡನ್ನೂ ಓದದೆ ಜೈನರ ಬಗ್ಗೆ ಮಾತಾಡಬಾರದು. ಇದೇ ಎಚ್ಚರ ಬೌದ್ಧರ ಬಗ್ಗೆ ವೇದಾಂತದ ಗ್ರಂಥಗಳು ಹೇಳುವುದಕ್ಕೂ ಬೇಕು.

ಕಾಲಾಮರೆಂಬ ಜನರಿಗೆ ಬುದ್ಧ ಮಾಡಿದ ಉಪದೇಶವಾದ ಕಾಲಾಮ ಸುತ್ತವನ್ನು "ಏನನ್ನೂ ನಂಬಬೇಡ" ಎಂದು ಕತ್ತರಿಸಿ ಹಂಚುವುದು ಮೂರನೆಯದು. ಪೂರ್ತಿ ಓದಿ. ಸ್ವತಃ ಅರಿತು ನೋಡಿ ಎನ್ನುವಾಗಲೇ, ತಿಳಿದವರು ಮೆಚ್ಚುವಂಥದೇ ಅಲ್ಲವೇ ಎಂಬ ಒರೆಗಲ್ಲನ್ನೂ ಅದು ಕೊಡುತ್ತದೆ. ಮತ್ತೆ, ನಮ್ಮ ಗ್ರಂಥದ ಆದರ್ಶವನ್ನು ಅವರ ಬೀದಿಯ ನಡವಳಿಕೆಗೆ ಹೋಲಿಸುವುದು. ಗ್ರಂಥಕ್ಕೆ ಗ್ರಂಥ, ಬೀದಿಗೆ ಬೀದಿ.

ಆರನೇ ಭಾನುವಾರ

ಬೆಳಗ್ಗೆ ಮಂದಾರಗಿರಿಗೆ ಹೋಗಿ. ಬೆಟ್ಟದ ಬುಡದಲ್ಲಿ ಪಿಂಛಿಯ ಆಕಾರದ ಮಂದಿರವಿದೆ. ದಿಗಂಬರ ಮುನಿಗಳು ಕೂರುವ ಜಾಗದ ಹುಳುಹುಪ್ಪಟೆಯನ್ನು ನೋವಾಗದಂತೆ ಸರಿಸಲು ಹಿಡಿಯುವ ನವಿಲುಗರಿಯ ಗುಚ್ಛವೇ ಪಿಂಛಿ. ಭಿಕ್ಷುವಿನ ಎಂಟು ಪರಿಕರಗಳನ್ನು ಅಲ್ಲೇ ಕೂತು ಎಣಿಸಿ: ಮೂರು ಚೀವರ (ಉಡುವ, ಹೊದೆಯುವ ವಸ್ತ್ರ), ಭಿಕ್ಷಾಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಪಿಂಛಿ ಇಲ್ಲ, ಸೋಸುಬಟ್ಟೆ ಇದೆ. ಕತ್ತಿ ಇದೆ, ಜೈನ ಮುನಿಗಳು ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಅಹಿಂಸೆ ಇಬ್ಬರದೂ, ದೇಹವನ್ನು ಎಷ್ಟು ದಂಡಿಸಬೇಕು ಎಂಬಲ್ಲಿ ಮಾತ್ರ ಬುದ್ಧನ ಮಧ್ಯಮ ಮಾರ್ಗ ಬೇರೆಯಾಗಿ ನಿಲ್ಲುತ್ತದೆ.

ಇಳಿದು ಬಂದ ಮೇಲೆ ಕೊನೆಯ ಕೆಲಸ. ಪ್ರತಿಯೊಬ್ಬರೂ ತಮ್ಮದಲ್ಲದ ಒಂದು ಧರ್ಮವನ್ನು ಐದು ನಿಮಿಷದಲ್ಲಿ ವಿವರಿಸಬೇಕು. ಆ ಧರ್ಮದವರು ಕೇಳಿ "ಹೌದು, ಇದು ನಮ್ಮದೇ" ಎನ್ನಬೇಕು. "ಅಲ್ಲ" ಎಂದರೆ ವಾದ ಬೇಡ. ಎಲ್ಲಿ ತಪ್ಪಿತೆಂದು ಬರೆದುಕೊಂಡು, ಮುಂದಿನ ವಾರ ಆ ಪಠ್ಯವನ್ನು ಮತ್ತೆ ಓದಿ ಬಂದು ಇನ್ನೊಮ್ಮೆ ವಿವರಿಸಬೇಕು. ಕೂಟದಲ್ಲಿ ಆ ಧರ್ಮದವರು ಯಾರೂ ಇಲ್ಲದಿದ್ದರೆ ಊರಲ್ಲಿ ಹುಡುಕಿ ಒಬ್ಬರನ್ನು ಕರೆತನ್ನಿ. ಅವರನ್ನು ಭಾಷಣಕ್ಕೆ ನಿಲ್ಲಿಸಬೇಡಿ, ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ನೀವೇ ಹೇಳಿ ಒಪ್ಪಿಸಿ.